ಬೈಕ್ ಕೆಲಸ ಮನೆಯಲ್ಲೇ: ಬಿಚ್ಚುವುದು ಸುಲಭ, ಟೈಟ್ ಮಾಡುವುದೇ ವಿದ್ಯೆ

ಬೈಕ್ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಟೂಲ್ಸ್ ತಗೋಬೇಕು? ಟೂಲ್ಸ್ ಆಮೇಲೆ ನೋಡೋಣ, ಮೊದಲು ಓನರ್ಸ್ ಮ್ಯಾನ್ಯುಯಲ್ ಹುಡುಕಿ. ಬೈಕ್ ಕೊಂಡ ದಿನ ಯಾವುದೋ ಡ್ರಾಯರ್ ಸೇರಿದ ಆ ಪುಸ್ತಕವನ್ನು ಹೆಚ್ಚಿನವರು ತೆರೆದೇ ಇರುವುದಿಲ್ಲ. ಚೈನ್ ಎಷ್ಟು ಸಡಿಲ ಇರಬೇಕು, ಯಾವ ಆಯಿಲ್ ಎಷ್ಟು ಹಾಕಬೇಕು, ಟೈರಿಗೆ ಎಷ್ಟು ಗಾಳಿ, ಪ್ಲಗ್ ಗ್ಯಾಪ್ ಎಷ್ಟು, ಎಲ್ಲವೂ ಅದರಲ್ಲಿದೆ. ಕಳೆದುಹೋಗಿದ್ದರೆ ಎಷ್ಟೋ ಕಂಪನಿಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಾನು ಇಲ್ಲಿ ಕೊಡುವ ಅಳತೆಗಳು ದಿನಬಳಕೆಯ ಬೈಕ್‌ಗಳಿಗೆ ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಸರಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಚ್ಚುವುದು ಯಾರಿಗೂ ಕಷ್ಟವಲ್ಲ. ಮನೆಯಲ್ಲಿ ಬೈಕ್ ಹಾಳಾಗುವುದು ಬಹುತೇಕ ವಾಪಸ್ ಟೈಟ್ ಮಾಡುವಾಗ. ‘ಲೂಸ್ ಆಗಿ ಬಿದ್ದುಹೋದರೆ?’ ಅನ್ನುವ ಭಯಕ್ಕೆ ಮೈಭಾರವನ್ನೆಲ್ಲ ಸ್ಪ್ಯಾನರ್ ಮೇಲೆ ಹಾಕುತ್ತಾರೆ. ಬೋಲ್ಟ್ ಉಕ್ಕಿನದು, ಅದು ಕೂರುವ ಇಂಜಿನ್ ಅಲ್ಯೂಮಿನಿಯಂನದು. ಇಬ್ಬರ ಜಗಳದಲ್ಲಿ ಸೋಲುವುದು ಅಲ್ಯೂಮಿನಿಯಂ. ಥ್ರೆಡ್ ಒಮ್ಮೆ ಕಿತ್ತುಬಂದರೆ ಅರ್ಧ ಗಂಟೆಯ ಕೆಲಸ ಇಡೀ ವಾರದ್ದಾಗುತ್ತದೆ. ಹಾಗಾಗಿ ಪ್ರತಿ ಕೆಲಸದಲ್ಲೂ ಎಷ್ಟು ಬಿಗಿ ಅನ್ನುವುದನ್ನು ಬಿಡದೆ ಹೇಳುತ್ತೇನೆ.

ಟೂಲ್ಸ್ ಮತ್ತು ಜಾಗ

ನೂರೆಂಟು ಪೀಸಿನ ಸೆಟ್ ಬೇಡ. ಅದರಲ್ಲಿ ಮುಕ್ಕಾಲು ಭಾಗ ಡಬ್ಬಿಯಲ್ಲೇ ಉಳಿಯುತ್ತದೆ. 8, 10, 12, 14, 17 ಮಿ.ಮೀ.ನ ರಿಂಗ್ ಸ್ಪ್ಯಾನರ್‌ಗಳು, ಅದೇ ಅಳತೆಯ ಆರು ಮೂಲೆಯ ಸಾಕೆಟ್‌ಗಳು, ಅಲೆನ್ ಕೀ ಸೆಟ್, ಪ್ಲಗ್ ಸ್ಪ್ಯಾನರ್, ಒಂದು ಇಕ್ಕಳ, ಗಾಳಿ ನೋಡುವ ಗೇಜ್, ಸಣ್ಣ ಮಲ್ಟಿಮೀಟರ್. ಹಿಂದಿನ ಚಕ್ರದ ಆಕ್ಸಲ್ (ಚಕ್ರ ಕೂರುವ ಅಡ್ಡ ರಾಡ್) ನಟ್‌ಗೆ ದೊಡ್ಡ ಸ್ಪ್ಯಾನರ್ ಬೇಕಾಗುತ್ತದೆ. ಅದನ್ನು ನಟ್ ಅಳೆದೇ ತನ್ನಿ. ಓಪನ್ ಸ್ಪ್ಯಾನರ್ ನಟ್ಟಿನ ಎರಡು ಮುಖ ಮಾತ್ರ ಹಿಡಿಯುತ್ತದೆ, ಬಲ ಹಾಕಿದರೆ ಮೂಲೆ ಸವೆಸುತ್ತದೆ. ರಿಂಗ್ ಹೋಗುವ ಕಡೆ ರಿಂಗನ್ನೇ ಬಳಸಿ.

ಸ್ಕ್ರೂಡ್ರೈವರ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಜಪಾನಿ ವಿನ್ಯಾಸದ ಬೈಕ್‌ಗಳಲ್ಲಿರುವ ಪ್ಲಸ್ ಸ್ಕ್ರೂಗಳು ನೋಡಲು ಫಿಲಿಪ್ಸ್ ತರಹವೇ ಇದ್ದರೂ ಅವು ಜೆಐಎಸ್, ಅಂದರೆ ಜಪಾನಿ ಮಾನದಂಡದ ಅಳತೆಯವು. ಮಾಮೂಲಿ ಫಿಲಿಪ್ಸ್ ಹಾಕಿ ತಿರುಗಿಸಿದರೆ ಅದು ಮೇಲಕ್ಕೆ ಜಾರಿ ಸ್ಕ್ರೂ ತಲೆ ತಿಂದುಹಾಕುತ್ತದೆ. ಒಂದು ಒಳ್ಳೆ ಜೆಐಎಸ್ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಕೈ ಕುದುರಿದ ಮೇಲೆ ಎಷ್ಟು ಬಲದಲ್ಲಿ (ಟಾರ್ಕ್) ಬಿಗಿಯುತ್ತಿದ್ದೇವೆ ಅಂತ ತಿಳಿಸುವ ಟಾರ್ಕ್ ರೆಂಚ್ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅನ್ನಿಸುವುದು ತದ್ವಿರುದ್ಧ. ಕೈ ಕುದುರದವರಿಗೇ ಅದು ಜಾಸ್ತಿ ಬೇಕು.

ಜಾಗ ಸಮತಟ್ಟಾಗಿರಲಿ, ಬೆಳಕಿರಲಿ. ಮಣ್ಣು, ಹುಲ್ಲಿನ ಮೇಲೆ ಬೇಡ. ಬಿದ್ದ ವಾಷರ್ ಸಿಗುವುದಿಲ್ಲ, ಸ್ಟ್ಯಾಂಡ್ ಕೂಡ ನಿಧಾನಕ್ಕೆ ಕುಸಿಯುತ್ತದೆ. ಮೇನ್ ಸ್ಟ್ಯಾಂಡ್ ಇಲ್ಲದ ಬೈಕ್‌ಗೆ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್ ಬೇಕು. ಕಲ್ಲು, ಇಟ್ಟಿಗೆ ಜೋಡಿಸಿ ನಿಲ್ಲಿಸುವ ಸಾಹಸ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿದ ಮೇಲೆಯೇ ಗೊತ್ತಾಗುವುದು.

ಏನು ಬಿಚ್ಚುವ ಮುಂಚೆಯೂ ಫೋನಿನಲ್ಲಿ ಎರಡು ಫೋಟೋ ತೆಗೆದುಕೊಳ್ಳಿ. ಇಂಜಿನ್ ಕವರ್ ಬಿಚ್ಚುವುದಾದರೆ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಡಿ. ಬೋಲ್ಟ್‌ಗಳೆಲ್ಲ ಒಂದೇ ತರಹ ಕಾಣುತ್ತವೆ, ಆದರೆ ಉದ್ದ ಬೇರೆ ಬೇರೆ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಟೈಟ್ ಮಾಡಿದರೆ ಕೇಸಿಂಗ್ ಬಿರಿಯುತ್ತದೆ.

ಚೈನ್: ಇಲ್ಲಿಂದ ಶುರು ಮಾಡಿ

ಹೊಸಬರಿಗೆ ಮೊದಲ ಕೆಲಸವಾಗಿ ನಾನು ಯಾವಾಗಲೂ ಚೈನ್ ಹೇಳುತ್ತೇನೆ. ಟೂಲ್ಸ್ ಹೆಚ್ಚು ಬೇಡ, ಫಲ ಕೂಡಲೇ ಗೊತ್ತಾಗುತ್ತದೆ. ಒಣಗಿದ ಚೈನ್ ಕರ ಕರ ಅನ್ನುತ್ತದೆ, ಸವೆಯುತ್ತದೆ, ಗೇರ್ ಬೀಳುವಾಗ ಜಗ್ಗುತ್ತದೆ.

ಎಲ್ಲಕ್ಕಿಂತ ಮೊದಲು ಕೀ ತೆಗೆದು ಜೇಬಿಗೆ ಹಾಕಿ. ಬೈಕ್ ನ್ಯೂಟ್ರಲ್‌ನಲ್ಲಿರಲಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ, ಗೇರ್‌ಗೆ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆ ಸಿಕ್ಕಿದರೆ ಬೆರಳೂ ಅದರ ಜೊತೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಒಳಗೆ ಹೋಗುತ್ತದೆ. ಇದರಲ್ಲಿ ಬೆರಳು ಕಳೆದುಕೊಂಡವರು ನಿಜವಾಗಿಯೂ ಇದ್ದಾರೆ.

ತೊಳೆಯಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಷ್. ಪೆಟ್ರೋಲ್ ಬೇಡ, ತಂತಿಯ ಬ್ರಷ್ ಬೇಡ. ಈಗಿನ ಎಷ್ಟೋ ಚೈನ್‌ಗಳಲ್ಲಿ ಲಿಂಕುಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಓ-ರಿಂಗ್. ಪಿನ್ನಿನ ಒಳಗೆ ಫ್ಯಾಕ್ಟರಿಯಲ್ಲಿ ತುಂಬಿದ ಗ್ರೀಸ್ ಹೊರಗೆ ಬರದಂತೆ ಹಿಡಿದಿಡುವುದು ಅವೇ. ಪೆಟ್ರೋಲ್ ಆ ರಬ್ಬರನ್ನು ಕೆಡಿಸುತ್ತದೆ. ರಬ್ಬರ್ ಹೋದರೆ ಒಳಗಿನ ಗ್ರೀಸ್ ಹೋಯಿತು, ಮತ್ತೆ ತುಂಬಲು ದಾರಿಯಿಲ್ಲ. ಪ್ರೆಷರ್ ವಾಷ್ ನೀರನ್ನು ನೇರ ಚೈನಿಗೆ ಬಿಡಬಾರದು ಅನ್ನುವುದೂ ಇದಕ್ಕೇ.

ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಲ್ಯೂಬ್ ಹಾಕುವುದು ಚೈನಿನ ಒಳಬದಿಗೆ, ಅಂದರೆ ಕೆಳಗಿನ ಸಾಲಿನ ಮೇಲ್ಮುಖಕ್ಕೆ. ಚಕ್ರ ತಿರುಗುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಎಸೆಯಲ್ಪಡುತ್ತದೆ, ಹಾಗಾಗಿ ಒಳಬದಿಗೆ ಹಾಕಿದ್ದು ರೋಲರ್‌ಗಳನ್ನು ದಾಟಿಯೇ ಆಚೆ ಹೋಗಬೇಕು. ಒಂದು ಸುತ್ತು ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಹಾಕಿದರೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ಬೈಕ್ ತೆಗೆಯುವುದು ಅತ್ಯುತ್ತಮ. ಹೊರಗೆ ಅಂಟಿ ಉಳಿದದ್ದನ್ನು ಒರೆಸಿಬಿಡಿ, ಅದರಿಂದ ಧೂಳು ಹಿಡಿಯುತ್ತದೆಯೇ ಹೊರತು ಬೇರೆ ಉಪಯೋಗವಿಲ್ಲ. ಟೈರಿಗೂ ಡಿಸ್ಕಿಗೂ ಒಂದು ಹನಿಯೂ ಸಿಡಿಯಬಾರದು, ಹಿಂದೆ ರಟ್ಟು ಅಡ್ಡ ಹಿಡಿದುಕೊಳ್ಳಿ. 500ರಿಂದ 700 ಕಿಲೋಮೀಟರಿಗೊಮ್ಮೆ ಲ್ಯೂಬ್ ಮಾಡಿದರೆ ಸಾಕು. ಮಳೆಯಲ್ಲಿ ನೆನೆದಿದ್ದರೆ ಆ ಲೆಕ್ಕ ಬಿಟ್ಟು ಅವತ್ತೇ ಮಾಡಿ.

ಈಗ ಬಿಗಿ ನೋಡುವುದು. ಕೆಳಗಿನ ಸಾಲಿನಲ್ಲಿ ಎರಡೂ ಸ್ಪ್ರಾಕೆಟ್‌ಗಳ ನಡುಮಧ್ಯಕ್ಕೆ ಒಂದು ಸ್ಕೇಲ್ ಹಿಡಿಯಿರಿ. ಬೆರಳಿನಿಂದ ಚೈನನ್ನು ಕೆಳಗೆ ಎಳೆಯಿರಿ, ಮೇಲೆ ಒತ್ತಿ. ಒಟ್ಟು ಓಡಾಟ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಇರಬೇಕು. ಕೆಲವು ಬೈಕ್‌ಗಳಲ್ಲಿ ಇದನ್ನು ಸೈಡ್ ಸ್ಟ್ಯಾಂಡಿನ ಮೇಲೆ, ಕೆಲವದರಲ್ಲಿ ಮೇನ್ ಸ್ಟ್ಯಾಂಡಿನ ಮೇಲೆ ಅಳೆಯಬೇಕು, ಅದೂ ಪುಸ್ತಕದಲ್ಲಿದೆ. ಒಂದೇ ಕಡೆ ಅಳೆದು ಮುಗಿಸಬೇಡಿ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಚೈನ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ, ಒಂದು ಕಡೆ ಹೆಚ್ಚು ಬಿಗಿ ಇರುತ್ತದೆ. ಆ ಬಿಗಿ ಜಾಗದಲ್ಲೇ ಅಡ್ಜಸ್ಟ್ ಮಾಡಬೇಕು. ಸಡಿಲ ಜಾಗದಲ್ಲಿ ಅಡ್ಜಸ್ಟ್ ಮಾಡಿದರೆ ಬಿಗಿ ಜಾಗ ಬಂದಾಗ ತಂತಿ ಎಳೆದ ಹಾಗೆ ಆಗುತ್ತದೆ.

ಅಡ್ಜಸ್ಟ್ ಮಾಡಲು ಆಕ್ಸಲ್ ನಟ್ ಲೂಸ್ ಮಾಡಿ. ನಟ್ ತಿರುಗದಂತೆ ಅಡ್ಡ ಹಾಕಿದ ಸ್ಪ್ಲಿಟ್ ಪಿನ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಎರಡೂ ಬದಿಯ ಅಡ್ಜಸ್ಟರ್‌ನ ಲಾಕ್ ನಟ್ ಬಿಡಿಸಿ, ಒಂದೊಂದು ಬದಿಗೆ ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಗೆರೆಗಳಿರುತ್ತವೆ, ಎರಡೂ ಕಡೆ ಒಂದೇ ಗೆರೆಗೆ ಬರಬೇಕು. ಬರದಿದ್ದರೆ ಚಕ್ರ ಓರೆಯಾಗಿ ಕೂತಿದೆ ಅಂತ ಅರ್ಥ. ಅಳತೆ ಸರಿಬಂದ ಮೇಲೆ ಆಕ್ಸಲ್ ನಟ್ ಟೈಟ್ ಮಾಡಿ. ಇಲ್ಲಿ ಮಾತ್ರ ಸಂಕೋಚ ಬೇಡ, ಉದ್ದ ಹಿಡಿಯ ಸ್ಪ್ಯಾನರಿನಿಂದ ಚೆನ್ನಾಗಿಯೇ ಬಿಗಿಯಬೇಕು, ಟಾರ್ಕ್ ಎಷ್ಟು ಅಂತ ಪುಸ್ತಕದಲ್ಲಿರುತ್ತದೆ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಬಿಗಿದ ಮೇಲೆ ಚೈನಿನ ಸಡಿಲ ಮತ್ತೊಮ್ಮೆ ನೋಡಿ, ನಟ್ ಬಿಗಿಯುವಾಗ ಅಳತೆ ಸ್ವಲ್ಪ ಕದಲುವುದು ಮಾಮೂಲು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡ್ ಬಿಗಿಯಾಗಿರುತ್ತದೆ. ಬ್ರೇಕ್ ಪೆಡಲ್ಲಿನ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಖಾಲಿ ಓಡಾಟ) ಕೂಡ ಸರಿಮಾಡಬೇಕು.

ಅನುಮಾನವಿದ್ದರೆ ಚೈನ್ ಒಂದು ಕೂದಲು ಸಡಿಲವೇ ಇರಲಿ. ಸೀಟಿನ ಮೇಲೆ ಇಬ್ಬರು ಕೂತು ಗುಂಡಿಗೆ ಇಳಿದಾಗ ಸ್ವಿಂಗ್ ಆರ್ಮ್ ಮೇಲೆದ್ದು ಚೈನ್ ಇನ್ನೂ ಬಿಗಿಯುತ್ತದೆ. ಮೊದಲೇ ಬಿಗಿ ಇದ್ದರೆ ಆ ಎಳೆತವೆಲ್ಲ ಗೇರ್ ಬಾಕ್ಸಿನ ಬೇರಿಂಗ್ ಮೇಲೆ ಬೀಳುತ್ತದೆ. ಚೈನ್ ಬದಲಿಸಬಹುದು, ಬೇರಿಂಗಿಗೆ ಇಂಜಿನ್ ಇಳಿಸಬೇಕು.

ಕೊನೆಗೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದು ನೋಡಿ. ಹಲ್ಲು ಅರ್ಧದಷ್ಟು ಕಾಣುವಷ್ಟು ಎದ್ದು ಬಂದರೆ ಚೈನಿನ ಆಯಸ್ಸು ಮುಗಿದಿದೆ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಸೆಟ್ ಆಗಿಯೇ ಬದಲಿಸಿ. ಹಳೆ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದಾಗುತ್ತದೆ.

ಆಯಿಲ್ ಬದಲಿಸುವುದು

ಆಯಿಲ್ ಡಬ್ಬಿ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು ಗ್ರೇಡ್, 10ಡಬ್ಲ್ಯು-30 ಅಥವಾ 20ಡಬ್ಲ್ಯು-50 ತರಹದ್ದು, ಪುಸ್ತಕದಲ್ಲಿ ಇರುವುದೇ ಬೇಕು. ಇನ್ನೊಂದು, ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (JASO MA, MA2, ಬೈಕ್ ಆಯಿಲಿನ ಜಪಾನಿ ಮಾನದಂಡ) ಅಂತ ಇದೆಯಾ ಅಂತ. ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸಲು ಏನೇನೋ ಬೆರೆಸಿರುತ್ತಾರೆ. ಅದು ಬೈಕಿಗೆ ಹೋದರೆ ಕ್ಲಚ್ ಜಾರುತ್ತದೆ, ಇಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ.

1. ಇಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿನ ಆಯಿಲ್ ಸರಾಗ ಇಳಿಯುತ್ತದೆ, ಕೆಸರನ್ನೂ ಜೊತೆಗೆ ತರುತ್ತದೆ. ದೂರ ಓಡಿಸಿ ಬಂದಿದ್ದರೆ ಆರಲು ಬಿಡಿ, ಕುದಿಯುವ ಆಯಿಲ್ ಕೈ ಸುಡುತ್ತದೆ.

2. ಮೇಲಿನ ಆಯಿಲ್ ಕ್ಯಾಪ್ ಮೊದಲು ಬಿಚ್ಚಿ. ಗಾಳಿ ಒಳಗೆ ಹೋಗದಿದ್ದರೆ ಆಯಿಲ್ ಗುಳುಗುಳು ಅಂತ ನಿಂತು ನಿಂತು ಬರುತ್ತದೆ.

3. ಕೆಳಗೆ ತಟ್ಟೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಮಲಗಿಕೊಂಡು ನೋಡುವಾಗ ಎಡ ಬಲ ಗೊಂದಲವಾಗುತ್ತದೆ. ಬೋಲ್ಟಿನ ತಲೆಗೆ ಎದುರಾಗಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಲೂಸ್. ಇದನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡೇ ಸ್ಪ್ಯಾನರ್ ಹಾಕಿ.

4. ಬಂದ ಆಯಿಲನ್ನು ನೋಡಿ. ಕಪ್ಪಗಿದ್ದರೆ ಚಿಂತೆಯಿಲ್ಲ. ಬೋಲ್ಟಿನ ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೂ ಮಾಮೂಲು. ಮುಟ್ಟಿದರೆ ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಅಥವಾ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಎರಡನೆಯದು ನೀರು ಸೇರಿರುವ ಗುರುತು.

5. ಫಿಲ್ಟರ್ ಬದಲಿಸುವುದಾದರೆ ಹೊಸದರ ದಿಕ್ಕು ಹಳೆಯದರಂತೆಯೇ ಇರಲಿ. ಓ-ರಿಂಗ್‌ಗೆ ಒಂದು ಹನಿ ಹೊಸ ಆಯಿಲ್ ಸವರಿ ಕೂರಿಸಿ, ಒಣ ರಬ್ಬರ್ ಮಡಚಿಕೊಂಡು ಸೋರುತ್ತದೆ.

6. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಬೆರಳಿನಿಂದಲೇ ತಿರುಗಿಸಿ ಕೂರಿಸಿ. ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಿ. ಕೊನೆಗೆ ಸ್ಪ್ಯಾನರ್. ಟಾರ್ಕ್ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ಒಳಗೆ. ರೆಂಚ್ ಇಲ್ಲದಿದ್ದರೆ ಸ್ಪ್ಯಾನರಿನ ತುದಿ ಹಿಡಿಯದೆ ತಲೆಯ ಹತ್ತಿರ ಹಿಡಿದು, ಮಣಿಕಟ್ಟಿನ ಬಲದಿಂದ ಮಾತ್ರ ಬಿಗಿಯಿರಿ. ವಾಷರ್ ಒತ್ತಿಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಮೊದಲು ಮೆತ್ತಗೆ ಬರುತ್ತಿದ್ದ ಸ್ಪ್ಯಾನರ್ ಒಮ್ಮೆಲೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ‘ಇನ್ನೊಂಚೂರು’ ಅಂದಾಗಲೇ ಥ್ರೆಡ್ ಹೋಗುವುದು.

7. ಪುಸ್ತಕದಲ್ಲಿ ಎರಡು ಮೂರು ಪ್ರಮಾಣ ಬರೆದಿರುತ್ತಾರೆ. ಇಂಜಿನ್ ಪೂರ್ತಿ ಬಿಚ್ಚಿದಾಗ ಹಾಕುವುದು ಜಾಸ್ತಿ, ಬರೀ ಆಯಿಲ್ ಬದಲಿಸುವಾಗ ಕಡಿಮೆ. ಎರಡನೆಯದನ್ನೇ ನೋಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಸುರಿಯಿರಿ. ಇಂಜಿನ್ ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ಬೈಕ್ ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಿ. ಡಿಪ್‌ಸ್ಟಿಕ್ಕನ್ನು ಥ್ರೆಡ್ಡಿಗೆ ತಿರುಗಿಸದೆ ಸುಮ್ನೆ ಇಳಿಸಿ ನೋಡಬೇಕಾದ ಬೈಕ್‌ಗಳೇ ಹೆಚ್ಚು, ತಿರುಗಿಸಿ ನೋಡುವವೂ ಇವೆ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಮೇಲಿನ ಗುರುತು ದಾಟಬಾರದು.

ಹಳೆ ಆಯಿಲನ್ನು ಚರಂಡಿಗೂ ಮಣ್ಣಿಗೂ ಸುರಿಯಬೇಡಿ. ಹೊಸ ಆಯಿಲಿನ ಖಾಲಿ ಡಬ್ಬಿಗೇ ತುಂಬಿ ಗ್ಯಾರೇಜಿಗೆ ಅಥವಾ ಹಳೆ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಅದನ್ನು ಶುದ್ಧಮಾಡಿ ಮತ್ತೆ ಬಳಸುತ್ತಾರೆ.

ಏರ್ ಫಿಲ್ಟರ್, ಪ್ಲಗ್

ಏರ್ ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್ನಿಗೆ ಉಸಿರು ಸಿಗುವುದಿಲ್ಲ, ಮೈಲೇಜ್ ಇಳಿಯುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆ ಅಥವಾ ಸೋಪಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಒಣಗಿಸಿ ತೆಳುವಾಗಿ ಆಯಿಲ್ ಹಚ್ಚಿ. ಒಣ ಕಾಗದದ್ದನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು. ಎಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ತಟ್ಟುವುದೂ ಊದುವುದೂ ತೊಳೆಯುವುದೂ ಬೇಡ. ಹೊಸದು ಹಾಕುವುದಷ್ಟೇ.

ಸ್ಪಾರ್ಕ್ ಪ್ಲಗ್ಗನ್ನು ತಣ್ಣಗಿನ ಇಂಜಿನ್ನಿನಲ್ಲೇ ಬಿಚ್ಚಿ. ಬಿಚ್ಚುವ ಮುಂಚೆ ಅದರ ಸುತ್ತಲಿನ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಆ ಮರಳು ಸೀದಾ ಸಿಲಿಂಡರ್ ಒಳಗೆ. ತುದಿಯ ಬಣ್ಣ ಇಂಜಿನ್ನಿನ ಒಳಗಿನ ಸುದ್ದಿ ಹೇಳುತ್ತದೆ. ತೆಳು ಕಂದು ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಎಣ್ಣೆಯ ಜಿಡ್ಡು ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಇಂಜಿನ್ ಬಿಸಿಯಾಗುತ್ತಿದೆ. ತುದಿಯ ಎರಡು ಲೋಹಗಳ ನಡುವಿನ ಗ್ಯಾಪ್ ಹೆಚ್ಚಿನವಕ್ಕೆ 0.7ರಿಂದ 0.9 ಮಿ.ಮೀ. ನಡುವೆ. ಹಾಕುವಾಗ ಪೂರ್ತಿ ಬೆರಳಿನಲ್ಲೇ ತಿರುಗಿಸಿ, ಹೊಸ ಪ್ಲಗ್ ಆದರೆ ಆಮೇಲೆ ಸ್ಪ್ಯಾನರಿನಲ್ಲಿ ಸುಮಾರು ಅರ್ಧ ಸುತ್ತು. ವಾಷರ್ ಈಗಾಗಲೇ ಒತ್ತಿಕೊಂಡಿರುವ ಹಳೆ ಪ್ಲಗ್ಗಿಗೆ ಅದರ ಅರ್ಧ ಕೂಡ ಬೇಡ.

ಬ್ರೇಕ್: ನಿಧಾನವೇ ಇಲ್ಲಿ ಮುಖ್ಯ

ಬ್ರೇಕ್ ಕೆಲಸ ಕಷ್ಟದ್ದೇನಲ್ಲ. ಆದರೆ ಗಡಿಬಿಡಿಯಲ್ಲಿ ಮಾಡುವಂಥದ್ದಲ್ಲ. ಕತ್ತಲಾಗುತ್ತಿದ್ದರೆ, ಎಲ್ಲಿಗೋ ಹೊರಡಬೇಕಿದ್ದರೆ ಮುಟ್ಟಲೇಬೇಡಿ.

ಡ್ರಮ್ ಬ್ರೇಕ್ ಸುಲಭ. ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಪ್ಲೇ ಇರುವಂತೆ ರಾಡಿನ ಕೊನೆಯ ನಟ್ ತಿರುಗಿಸಿ. ಚಕ್ರ ತಿರುಗಿಸಿ ನೋಡಿ, ಒಳಗಿನ ಬ್ರೇಕ್ ಶೂ ಹಿಡಿದುಕೊಳ್ಳಬಾರದು. ಎಷ್ಟೋ ಬೈಕ್‌ಗಳಲ್ಲಿ ಬ್ರೇಕ್ ಆರ್ಮ್ ಹತ್ತಿರ ಒಂದು ಸಣ್ಣ ಬಾಣ ಇರುತ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ಎದುರಿನ ಗುರುತಿಗೆ ತಲುಪಿದರೆ ಶೂ ಮುಗಿದಿದೆ. ಆಗ ನಟ್ ತಿರುಗಿಸಿ ಕಾಲ ತಳ್ಳಬೇಡಿ, ಶೂ ಬದಲಿಸಿ. ಡ್ರಮ್ ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಿಸ್ಕ್ ಬ್ರೇಕಿನಲ್ಲಿ ಮೊದಲು ಟಾರ್ಚ್ ಹಿಡಿದು ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಸಂದಿನಲ್ಲಿ ಇಣುಕಿ. ಪ್ಯಾಡಿನ ಮೇಲೆ ಸವೆತದ ಗುರುತಿನ ಗೆರೆ ಇರುತ್ತದೆ. ಅದು ಅಳಿಸಿಹೋಗಿದ್ದರೆ ಅಥವಾ ದಪ್ಪ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಿಸುವ ಹೊತ್ತು. ಪ್ಯಾಡ್ ಪಿನ್ ಕ್ಯಾಲಿಪರ್ ಜಾಗದಲ್ಲಿರುವಾಗಲೇ ಸ್ವಲ್ಪ ಲೂಸ್ ಮಾಡಿಕೊಳ್ಳಿ, ಬಿಚ್ಚಿದ ಮೇಲೆ ಅದು ಕೈಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಕ್ಯಾಲಿಪರಿನ ಎರಡು ಬೋಲ್ಟ್ ತೆಗೆದು ಡಿಸ್ಕಿನಿಂದ ಈಚೆಗೆ ಎಳೆಯಿರಿ. ಹೋಸಿನ ಮೇಲೆ ಜೋತುಬೀಳಲು ಬಿಡದೆ ತಂತಿಯಲ್ಲಿ ಕಟ್ಟಿ ತೂಗುಹಾಕಿ. ಈ ಹೊತ್ತಿನಲ್ಲಿ ಯಾರೂ ಬ್ರೇಕ್ ಲಿವರ್ ಒತ್ತಬಾರದು. ಮಕ್ಕಳು ಹತ್ತಿರವಿದ್ದರೆ ಲಿವರ್ ಮತ್ತು ಹ್ಯಾಂಡಲ್ ನಡುವೆ ರಟ್ಟು ಮಡಚಿ ಸಿಕ್ಕಿಸಿಡಿ. ಒತ್ತಿದರೆ ಪಿಸ್ಟನ್ ಹೊರಗೆ ಬಂದು ಕೆಲಸ ಬೆಳೆಯುತ್ತದೆ.

ಹಳೆ ಪ್ಯಾಡ್ ತೆಗೆದ ಮೇಲೆ ಪಿಸ್ಟನ್ನಿನ ಹೊರಬದಿಯನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಕೊಳೆ ಸಮೇತ ಒಳಗೆ ತಳ್ಳಿದರೆ ಸೀಲ್ ಹರಿಯುತ್ತದೆ. ಮೇಲಿನ ಬ್ರೇಕ್ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆರೆದು, ಸುತ್ತ ಬಟ್ಟೆ ಸುತ್ತಿ, ಪಿಸ್ಟನ್ನನ್ನು ನಿಧಾನವಾಗಿ ಒಳಗೆ ಒತ್ತಿ. ಮೇಲೆ ಫ್ಲೂಯಿಡ್ ಮಟ್ಟ ಏರುವುದು ಕಾಣುತ್ತದೆ. ಅದು ಪೇಂಟ್ ತಿನ್ನುತ್ತದೆ, ಟ್ಯಾಂಕ್ ಮೇಲೆ ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆಯಿರಿ. ಹೊಸ ಪ್ಯಾಡ್ ಕೂರಿಸಿ, ಕ್ಯಾಲಿಪರ್ ಬೋಲ್ಟ್‌ಗಳನ್ನು ಪುಸ್ತಕದ ಟಾರ್ಕಿಗೇ ಬಿಗಿಯಿರಿ. ಅಂದಾಜಿನ ಮೇಲೆ ಬಿಡಬಾರದ ಬೋಲ್ಟ್ ಅಂದರೆ ಇವೇ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸ್ ಬೆರಳು ತಾಕಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬೈಕ್ ಕದಲಿಸುವ ಮುಂಚೆ ಲಿವರನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಒಳಗಿರುವುದರಿಂದ ಮೊದಲ ಕೆಲವು ಸಲ ಲಿವರ್ ಹ್ಯಾಂಡಲ್ ಮುಟ್ಟುವಷ್ಟು ಸಡಿಲವಾಗಿ ಬರುತ್ತದೆ. ಇದನ್ನು ಮರೆತು ಗೇಟಿನಿಂದಾಚೆ ಹೋದವರಿಗೆ ಮೊದಲ ತಿರುವಿನಲ್ಲಿ ಬ್ರೇಕ್ ಇರುವುದಿಲ್ಲ. ಹೊಸ ಪ್ಯಾಡ್ ಹಿಡಿತಕ್ಕೆ ಬರಲು ಕೆಲವು ನೂರು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಮುಂದಿನ ಗಾಡಿಯಿಂದ ಅಂತರ ಇಟ್ಟುಕೊಳ್ಳಿ.

ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಅನ್ನುವ ಗ್ರೇಡಿನ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಲಿವರ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು. ಹಿಂದೆ ಯಾವಾಗಲೋ ತೆರೆದಿಟ್ಟ ಬಾಟಲಿಯದ್ದು ಹಾಕಬೇಡಿ. ಡಾಟ್ 3, ಡಾಟ್ 4ರ ಬೈಕಿಗೆ ಡಾಟ್ 5 ಬೆರೆಸಬೇಡಿ, ಅದು ಸಿಲಿಕೋನಿನದು, ಜಾತಿಯೇ ಬೇರೆ. ಎಬಿಎಸ್ ಇರುವ ಬೈಕಿನಲ್ಲಿ ಫ್ಲೂಯಿಡ್ ಬದಲಿಸುವುದನ್ನು ಗ್ಯಾರೇಜಿಗೇ ಬಿಡಿ.

ಟೈರ್, ಕೇಬಲ್, ಬ್ಯಾಟರಿ

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ, ಓಡಿದ ಟೈರಿನಲ್ಲಿ ಗೇಜ್ ಜಾಸ್ತಿ ತೋರಿಸುತ್ತದೆ. ಇಬ್ಬರು ಕೂರುವುದಾದರೆ ಹಿಂದಿನದಕ್ಕೆ ಬೇರೆ ಲೆಕ್ಕ ಇರುತ್ತದೆ, ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್ ಓದಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಹೊಸದು ಅಂತ ಕೊಳ್ಳುವ ಟೈರ್ ಅಂಗಡಿಯಲ್ಲೇ ಮುದುಕಾಗಿದೆಯೇ ಅಂತ ಇದರಿಂದ ತಿಳಿಯುತ್ತದೆ.

ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಪ್ಲೇ ಇರಲಿ. ಕೇಬಲಿನ ತುದಿ, ಲಿವರಿಗೆ ಸಿಕ್ಕಿಸುವ ಕಡೆ, ಒಂದೆರಡು ಎಳೆ ಕಿತ್ತಿದ್ದು ಕಂಡರೆ ಅದು ಪೂರ್ತಿ ಹರಿಯುವವರೆಗೆ ಕಾಯಬೇಡಿ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಮೈನಸ್ ಕೊನೆಗೆ. ಹಾಗಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಕಿದರೂ ಕಿಡಿ ಹಾರುವುದಿಲ್ಲ. ರಾತ್ರಿಯೆಲ್ಲ ನಿಂತ ಬೈಕಿನ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಬೇಕು. ಇಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ, 13.5ರಿಂದ 14.5. ಆ ಏರಿಕೆ ಕಾಣದಿದ್ದರೆ ಹೊಸ ಬ್ಯಾಟರಿ ಕೊಂಡು ಪ್ರಯೋಜನವಿಲ್ಲ, ಚಾರ್ಜ್ ಆಗುವುದೇ ನಿಂತಿದೆ. ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದು ಹಾಕಿ. ತಂತಿ ಸುತ್ತಿ ಕೆಲಸ ನಡೆಸಿದರೆ ಮುಂದಿನ ಸಲ ಸುಡುವುದು ವೈರಿಂಗ್.

ಸ್ಟಾರ್ಟ್ ಆಗುತ್ತಿಲ್ಲವೇ?

ಯಾವುದನ್ನೂ ಬಿಚ್ಚಬೇಡಿ, ಇನ್ನೂ. ಕಿಲ್ ಸ್ವಿಚ್ ನೋಡಿ. ನಗಬೇಡಿ, ಗ್ಯಾರೇಜಿಗೆ ತಳ್ಳಿಕೊಂಡು ಬಂದ ಬೈಕ್‌ಗಳಲ್ಲಿ ಮೆಕ್ಯಾನಿಕ್ ಮೊದಲು ನೋಡುವುದೂ ಅದನ್ನೇ. ಆಮೇಲೆ ಸೈಡ್ ಸ್ಟ್ಯಾಂಡ್, ನ್ಯೂಟ್ರಲ್ ದೀಪ, ಟ್ಯಾಂಕಿನಲ್ಲಿ ಪೆಟ್ರೋಲ್.

ಸೆಲ್ಫ್ ಒತ್ತಿದಾಗ ಬರುವ ಶಬ್ದ ಕೇಳಿ. ಟಕ್ ಟಕ್ ಅಂತ ಮಾತ್ರ ಬಂದರೆ ಬ್ಯಾಟರಿ ಸೋತಿದೆ ಅಥವಾ ಟರ್ಮಿನಲ್ ಲೂಸ್. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಬ್ಯಾಟರಿಯ ತಪ್ಪಲ್ಲ. ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಬರುತ್ತಿಲ್ಲ. ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ ಗುಂಯ್ ಅನ್ನುವ ಪಂಪಿನ ಸದ್ದು ಬರಬೇಕು. ಬರದಿದ್ದರೆ ಫ್ಯೂಸಿನಿಂದ ಹುಡುಕಲು ಶುರು ಮಾಡಿ. ಕಾರ್ಬ್ಯುರೇಟರ್ ಬೈಕಾದರೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿ ತುಂಬಿದೆ. ಒರೆಸಿ, ಒಣಗಿಸಿ ವಾಪಸ್ ಹಾಕಿ, ಚೋಕ್ ಇಲ್ಲದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ನಾಲ್ಕೈದು ಕಿಕ್ ಹೊಡೆಯಿರಿ.

ಇನ್ನೊಂದು ತಮಾಷೆಯ ಕಾಯಿಲೆ ಇದೆ. ಬೈಕ್ ಚೆನ್ನಾಗಿ ಹೊರಡುತ್ತದೆ, ಸ್ವಲ್ಪ ದೂರ ಹೋಗಿ ಸಾಯುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಮುಂದಿನ ಸಲ ನಿಂತಾಗ ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದೆ, ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಇದಕ್ಕಾಗಿ ಕಾರ್ಬ್ಯುರೇಟರ್ ಬಿಚ್ಚಿಸಿಕೊಂಡವರು ಎಷ್ಟೋ ಮಂದಿ.

ಕೆಲಸ ಮುಗಿದ ಮೇಲೆ

ಮುಂದಿನ ಫೋರ್ಕಿನ ಸೀಲ್, ಕ್ಲಚ್ ಪ್ಲೇಟ್, ಇಂಜಿನ್ ಒಳಗಿನ ಸದ್ದು, ಇವಕ್ಕೆ ಮೆಕ್ಯಾನಿಕ್ ಬೇಕು. ಟ್ಯಾಪೆಟ್ (ಇಂಜಿನ್ ವಾಲ್ವಿನ ಗ್ಯಾಪ್) ಅಡ್ಜಸ್ಟ್ ಮಾಡುವುದನ್ನು ಮನೆಯಲ್ಲಿ ಕಲಿಯಬಹುದು, ಆದರೆ ಮೊದಲ ಸಲ ಗೊತ್ತಿದ್ದವರ ಪಕ್ಕದಲ್ಲಿ ಕೂತು ಕಲಿಯಿರಿ. ಅಲ್ಲಿನ ಗ್ಯಾಪ್ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರದ ಬೈಕ್‌ಗಳಿವೆ.

ಕೆಲಸವಾದ ಮೇಲೆ ಮುಟ್ಟಿದ ಪ್ರತಿ ನಟ್ ಬೋಲ್ಟಿನ ಮೇಲೂ ಒಮ್ಮೆ ಸ್ಪ್ಯಾನರ್ ಇಟ್ಟು ನೋಡಿ. ಬಿಗಿದದ್ದಕ್ಕೆ ಮಾರ್ಕರಿನಲ್ಲಿ ಬೋಲ್ಟಿನಿಂದ ಕವರಿನವರೆಗೆ ಒಂದು ಗೆರೆ ಎಳೆಯಿರಿ. ಮುಂದೆ ಎಂದಾದರೂ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ರಟ್ಟಿನ ಮೇಲೆ, ತಟ್ಟೆಯಲ್ಲಿ ಒಂದು ಬೋಲ್ಟ್ ಉಳಿದಿದ್ದರೆ ‘ಪರವಾಗಿಲ್ಲ’ ಅನ್ನಬೇಡಿ, ಬಿಚ್ಚುವ ಮುಂಚೆ ತೆಗೆದ ಫೋಟೋ ನೋಡಿ ಅದರ ಮನೆ ಹುಡುಕಿ. ಮೊದಲ ಸುತ್ತು ಮನೆ ಮುಂದೆಯೇ, ನಡೆಯುವ ವೇಗದಲ್ಲಿ. ಎರಡೂ ಬ್ರೇಕ್ ಬೇರೆ ಬೇರೆಯಾಗಿ ಒತ್ತಿ ನೋಡಿ. ವಾಪಸ್ ಬಂದು ಇಂಜಿನ್ ಕೆಳಗೆ ಒಂದು ಹಳೆ ಪೇಪರ್ ಹಾಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಕಲೆ ಇದ್ದರೆ ಡ್ರೈನ್ ಬೋಲ್ಟ್ ಕಡೆಯಿಂದ ನೋಡುತ್ತಾ ಬನ್ನಿ. ಆಕ್ಸಲ್ ನಟ್ ಮತ್ತು ಚೈನ್ ಸಡಿಲವನ್ನು 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ.